ಯಾವ ರಾಶಿಗೆ

ಉಪ್ಪಳದ ರೈಲ್ವೆ ಗೇಟಿನಾಚೆ ನಮ್ಮ ಗುಜರಿ ಅಂಗಡಿ.
ಉಪ್ಪನ ಶಾಸ್ತ್ರ ಒಂದೇ: ಬೇರೆ ಮಾಡು.
ಬೀಡು ಅಲ್ಲಿ, ಹಿತ್ತಾಳೆ ಇಲ್ಲಿ, ತಾಮ್ರದ ತಂತಿ
ಸುಲಿದು ಗೋಣಿಗೆ, ಸಿಲ್ವರಿನ ಪಾತ್ರೆ ಜಜ್ಜಿ ಮೂಲೆಗೆ.
ಕಲಸಿಹೋದರೆ ಕಿಲೋಗೆ ನಲವತ್ತು ರೂಪಾಯಿ ಸಮುದ್ರಕ್ಕೆ.

ದಾರದಲ್ಲಿ ನೇತುಹಾಕಿದ ಹಳೇ ಸ್ಪೀಕರಿನ ಮ್ಯಾಗ್ನೆಟ್ಟು,
ಹಲ್ಲು ಸವೆದ ಅರ, ಕಲ್ಲಿಗೆ ಬಡಿದು ಕೇಳುವ ಬಲಗಿವಿ.
(ಎಡಗಿವಿ ಹೋಗಿ ಹನ್ನೊಂದು ವರ್ಷ, ಸಿಲಿಂಡರ್ ಸಿಡಿದಾಗ.)
ನನ್ನ ತಮ್ಮನಿಗೆ ಬೈಯುವುದು ಬ್ಯಾರಿಯಲ್ಲಿ, ಚೌಕಾಶಿ ತುಳುವಿನಲ್ಲಿ,
ಪಂಚಾಯತಿನವರು ಬಂದರೆ ಮಲಯಾಳ,
ಲಾರಿಯವನ ಹತ್ತಿರ ಹಿಂದಿಯ ಹಾಗೆ ಏನೋ ಒಂದು.
ತೂಕದ ಪುಸ್ತಕ ಮಾತ್ರ ಕನ್ನಡ, ಅಂಕಿ ಸಮೇತ.

ಅವರ ಮಗಳು ಮಿಸ್ರಿಯಾ, ನಾನು, ಕಲಸುವವಳು.
ಟೈಟೇನಿಯಂ, ಜಿರ್ಕೋನಿಯಂ, ಹಾಫ್ನಿಯಂ, ತಾಮ್ರ, ನಿಕ್ಕಲ್.
ಐವರಿಗೂ ಸಮಪಾಲು, ಯಾರೂ ಯಜಮಾನರಲ್ಲ.
ಆರ್ಗಾನಿನ ಮೌನದೊಳಗೆ ವಿದ್ಯುತ್ತಿನ ಕಿಡಿ ಹಚ್ಚಿ
ಪತ್ತಿರಿ ಮಗುಚಿದ ಹಾಗೆ ಐದು ಸಲ ಮಗುಚಿ ಕರಗಿಸುತ್ತೇನೆ.
ಆಮೇಲೆ ಗಿರ್ರನೆ ತಿರುಗುವ ತಾಮ್ರದ ಗಾಲಿಗೆ ಚಿಮ್ಮಿದರೆ
ಕಣ್ಣೆವೆ ಇಳಿಯುವುದರೊಳಗೆ ಸಾವಿರ ಡಿಗ್ರಿ ಕೆಳಗೆ.
ಯಾರ ಪಕ್ಕ ಯಾರು ಕೂರಬೇಕೆಂದು ಯೋಚಿಸಲು
ಪರಮಾಣುಗಳಿಗೆ ಪುರುಸೊತ್ತಿಲ್ಲ;
ನಿಂತಲ್ಲೇ ಹೆಪ್ಪು. ಲೋಹ, ಆದರೆ ಗಾಜು.
ಎಕ್ಸ್‌ರೇ ಹಾಯಿಸಿದರೆ ಮೊನಚು ಶಿಖರಗಳಿಲ್ಲ,
ಪೊಸಡಿ ಗುಂಪೆಯ ಹಾಗೆ ಒಂದು ಬೋಳು ದಿಬ್ಬ.

ಅಯಾನುಗಳ ಏಟು ತಿನ್ನಿಸಲು ದಿಲ್ಲಿಗೆ ಕಳಿಸಿ
ಮೂರು ತಿಂಗಳು ಕಾದೆ.
ಸ್ಫಟಿಕವಾಗಿದ್ದರೆ, ಅದು ಮದುವೆ ಊಟದ ಪಂಕ್ತಿ:
ಒಬ್ಬನನ್ನು ಎಬ್ಬಿಸಿದರೆ ತಟ್ಟೆ ಒಂಟಿಯಾಗಿ ಕಾಣುತ್ತದೆ,
ಎದ್ದವನು ಎಲ್ಲೋ ಇಬ್ಬರ ನಡುವೆ ತುರುಕಿಕೊಳ್ಳುತ್ತಾನೆ,
ಖಾಲಿಗೆ ಖಾಲಿ ಸೇರಿ ಗುಳ್ಳೆ, ಗುಳ್ಳೆ ಸೇರಿ ಊತ.
ಇದು ಹಾಗಲ್ಲ. ಸಂಜೆ ಐದೂವರೆಯ ತಲಪಾಡಿ ಬಸ್ಸು.
ಕಂಡಕ್ಟರ್ ಭುಜ ತೂರಿಸುತ್ತಾನೆ, ಎಲ್ಲರೂ ಒಂದಿಷ್ಟು ವಾಲುತ್ತಾರೆ,
ಅವನು ದಾಟಿದ ದಾರಿ ಎಲ್ಲಿತ್ತೆಂದೇ ಗೊತ್ತಾಗುವುದಿಲ್ಲ.
ಸೀಟೇ ಇಲ್ಲದವರ ಸೀಟು ಕಸಿಯುವುದು ಹೇಗೆ?
ಪಟ್ಟಿ ಮರಳಿತು. ಮತ್ತದೇ ಬೋಳು ದಿಬ್ಬ.
ವಜ್ರದ ಮೊನೆ ಒತ್ತಿ ನೋಡಿದೆ,
ಏಟಿನಿಂದ ತುಸು ಮೆತ್ತಗಾಗಿದೆ, ಬಿರುಕಿಲ್ಲ.

ಹೆಮ್ಮೆ ಪಡುವ ಮೊದಲು ಇನ್ನೊಂದು ಹೇಳಬೇಕು.
ಅದೇ ಪಟ್ಟಿಯ ತುಂಡೊಂದನ್ನು ಕುಲುಮೆಯಲ್ಲಿ ಇಟ್ಟಿದ್ದೆ,
ಏಟಿಲ್ಲ, ಬರೀ ಬಿಸಿ, ರಾತ್ರಿಯಿಡೀ.
ಪುರುಸೊತ್ತು ಸಿಕ್ಕಿತು ನೋಡಿ,
ಅವರವರು ಅವರವರನ್ನು ಹುಡುಕಿಕೊಂಡು ಸಾಲಾದರು.
ಬೆಳಿಗ್ಗೆ ಚಿಮಟದಲ್ಲಿ ಎತ್ತಿದೆ. ಮುರಿಯಿತು,
ಸುಟ್ಟ ಹಪ್ಪಳದ ಸದ್ದಿನಲ್ಲಿ.
ಆ ಪುಟದಲ್ಲಿ ನಾನು ಬರೆದದ್ದು ತಾರೀಕು ಮಾತ್ರ.

ಏಟು ತಿನ್ನದ, ಬಿಸಿ ಕಾಣದ ಗೇಣುದ್ದದ ಒಂದನ್ನು
ಉಪ್ಪನ ಕೈಗಿಟ್ಟೆ. "ಎಂತದ್ದು ಇದು?"
ಮ್ಯಾಗ್ನೆಟ್ಟು ಹಿಡಿದರು, ಕದಲಲಿಲ್ಲ.
ಉಜ್ಜಿದರು, ಅರವೇ ಜಾರಿತು.
ಕಲ್ಲಿಗೆ ಬಡಿದು ಬಲಗಿವಿ ಕೊಟ್ಟರು:
"ನನಗೆ ಗೊತ್ತಿದ್ದ ಯಾರ ದನಿಯೂ ಅಲ್ಲ."
ಬೆರಳಿಗೆ ಸುತ್ತಿ ಬಿಟ್ಟರೆ
ಟಣ್ಣನೆ ಮೊದಲಿನ ಹಾಗೆ ನೆಟ್ಟಗೆ.
ತಕ್ಕಡಿಗೆ ಹಾಕಿದರೆ ಸೊನ್ನೆ.
"ಬೇರೆ ಮಾಡಲಿಕ್ಕೆ ಆಗುತ್ತದಾ?"
"ಇಲ್ಲ ಉಪ್ಪ."
"ಹಾಗಾದರೆ ಯಾವ ರಾಶಿಗೆ ಹಾಕಲಿ, ಮಾರಾಯ್ತಿ?"

ಶುಕ್ರವಾರ ಬಂದು ನೋಡಿದರೆ
ಕ್ಯಾಲ್ಕುಲೇಟರಿನ ಬೆನ್ನು ಬಿಚ್ಚಿ
ತುಕ್ಕು ತಿಂದ ಸ್ಪ್ರಿಂಗ್ ಕಿತ್ತೆಸೆದು
ಬ್ಯಾಟರಿಯ ಬುಡಕ್ಕೆ ನನ್ನ ಪಟ್ಟಿಯ ಚೂರು
ಕತ್ತರಿಸಿ ಬಗ್ಗಿಸಿ ಸಿಕ್ಕಿಸಿದ್ದಾರೆ.
ಎರಡು ವರ್ಷದ ನನ್ನ ಕೆಲಸ, ಉಗುರಿನಷ್ಟು.
ಗುಂಡಿ ಒತ್ತಿದರು. ಅಂಕಿ ಮೂಡಿತು.
"ಹದಿನೇಳೂವರೆ ಕಿಲೋ ಬೀಡು," ಅಂದರು, "ಬರೆದುಕೋ."